ಇದು ಯಾರ ಮನೆ ಗ್ರಹ?

ಹದಿನಾರು ವರ್ಷ ಒಂದೇ ಸಮನೆ "ಇಲ್ಲ" ಎನ್ನುತ್ತ ಬಂದಿದ್ದ ಮನುಷ್ಯ ಆ ಬೆಳಿಗ್ಗೆ ಇದ್ದಕ್ಕಿದ್ದಂತೆ "ಇದೆ!" ಎಂದುಬಿಟ್ಟ. ಆ ದಿನದ ರಗಳೆಗೆಲ್ಲ ಮೂಲ ಆ ಎರಡು ಅಕ್ಷರ.

ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಏನೋ ಇತ್ತು. ವೀಕ್ಷಣಾಲಯದಲ್ಲಿ ಅದು ಸಂಬಳದ ಚೀಟಿಗೆ ಮಾತ್ರ ಗೊತ್ತು. ಬಾಗಿಲು ಕಾಯುವವನಿಂದ ಹಿಡಿದು ಮುಖ್ಯಸ್ಥರವರೆಗೆ ಎಲ್ಲರಿಗೂ ಆತ ಇಲ್ಲಪ್ಪ. ಅದು ಅವನ ಉದ್ಯೋಗದಿಂದ ಬಂದ ಹೆಸರು. ಗುಡ್ಡದ ಮೇಲಿನ ದೂರದರ್ಶಕ ರಾತ್ರಿಯೆಲ್ಲ ಸಾವಿರಾರು ನಕ್ಷತ್ರಗಳ ಬೆಳಕನ್ನು ಅಳೆದು ಕೆಳಗೆ ಕಳಿಸುತ್ತದೆ. ಯಾವುದಾದರೂ ನಕ್ಷತ್ರದ ಮುಂದೆ ಅದರ ಗ್ರಹ ಹಾದುಹೋದರೆ, ದೀಪದ ಮುಂದೆ ಸೊಳ್ಳೆ ಹಾರಿದ ಹಾಗೆ ಬೆಳಕು ಒಂದು ಚೂರು ಮಂಕಾಗುತ್ತದೆ. ಪರದೆಯ ಮೇಲೆ ಚುಕ್ಕಿಗಳ ಸಾಲಿನಲ್ಲಿ ಒಂದು ತಗ್ಗು ಬೀಳುತ್ತದೆ. ಆ ತಗ್ಗು ನಿಜವಾದ ಗ್ರಹದ್ದೋ, ತೆಳುಮೋಡದ್ದೋ, ಯಂತ್ರದ ಕಿತಾಪತಿಯೋ ಎಂದು ಕಣ್ಣಿಟ್ಟು ನೋಡಿ ಹೇಳುವುದು ಇಲ್ಲಪ್ಪನ ಕೆಲಸ. ಅವನ ಕೀಲಿಮಣೆಯ ಎರಡು ಕೀಲಿಗಳ ಮೇಲೆ 'ಇದೆ', 'ಇಲ್ಲ' ಎಂದು ಬರೆದು ಅಂಟಿಸಿತ್ತು. 'ಇಲ್ಲ' ಕೀಲಿ ಒತ್ತಿ ಒತ್ತಿ ಹಳೇ ಚಪ್ಪಲಿಯ ಅಟ್ಟೆಯಂತೆ ಸವೆದಿತ್ತು. 'ಇದೆ' ಕೀಲಿ ಅಂಗಡಿಯಿಂದ ಬಂದ ದಿನದ ಹೊಳಪಿನಲ್ಲೇ ಇತ್ತು.

ಅವನು 'ಇಲ್ಲ' ಒತ್ತಿದ ನಕ್ಷತ್ರದ ದಾಖಲೆಯನ್ನು ಆ ಕ್ಷಣವೇ ಲೋಕಕ್ಕೆ ಬಿಟ್ಟುಕೊಡುವುದು ಅಲ್ಲಿನ ನಿಯಮ. ಬೀದಿಗೆ ತಂದಿಟ್ಟ ಹಳೇ ಕುರ್ಚಿಯಂತೆ, ಬೇಕಾದವರು ಒಯ್ಯಬಹುದು. ಈವರೆಗೆ ಯಾರೂ ಒಯ್ದಿರಲಿಲ್ಲ.

ಆ ದಿನಕ್ಕೆ ಬೇರೆ ಒಂದು ಮಹತ್ವವಿತ್ತು. ಮೂರು ತಿಂಗಳ ಹಿಂದೆ ಬಂದ ಹೊಸ ಮುಖ್ಯಸ್ಥರು, ಅಂದರೆ ಕಚೇರಿಯ ಬಾಯಲ್ಲಿ 'ದೊಡ್ಡವರು', ಸಂಜೆ ನಾಲ್ಕಕ್ಕೆ ಸಭೆ ಕರೆದಿದ್ದರು. ಕಣ್ಣಿನಿಂದ ನೋಡುವ ಮೇಜು ಇನ್ನು ಬೇಕೋ ಬೇಡವೋ, ಎಲ್ಲವನ್ನೂ ಕಂಪ್ಯೂಟರಿಗೇ ಒಪ್ಪಿಸಬಹುದೋ ಎಂಬುದು ಅಲ್ಲಿ ತೀರ್ಮಾನವಾಗಲಿತ್ತು. ಬೇಡ ಎಂದಾದರೆ ಇಲ್ಲಪ್ಪ ಮರುದಿನದಿಂದ ನೆಲಮಾಳಿಗೆಯ ಪ್ರದರ್ಶನ ಕೋಣೆಗೆ. ಅಲ್ಲಿ ಪ್ಲಾಸ್ಟಿಕ್ ಗ್ರಹಗಳ ದೂಳು ಒರೆಸಬೇಕು, ಬಂದ ಶಾಲಾಮಕ್ಕಳು ಗುರುಗ್ರಹವನ್ನು ಒದ್ದು ಚೆಂಡಾಟ ಆಡದಂತೆ ಕಾಯಬೇಕು. ಎದೆಗೆ 'ನನ್ನನ್ನು ಕೇಳಿ' ಎಂಬ ಬಿಲ್ಲೆ ಬೇರೆ. ಆ ಬಿಲ್ಲೆ ನೆನಪಾದಾಗಲೆಲ್ಲ ಇಲ್ಲಪ್ಪನಿಗೆ ಅನ್ನ ಸೇರುತ್ತಿರಲಿಲ್ಲ.

ಇಂಥ ಬೆಳಿಗ್ಗೆ ಅವನ ಪರದೆಯ ಮೇಲೆ ಆ ನಕ್ಷತ್ರ ಬಂತು. ಅದಕ್ಕೆ ಹೆಸರಿಲ್ಲ, ಉದ್ದನೆಯ ಒಂದು ಸಂಖ್ಯೆ ಮಾತ್ರ. ದಾಖಲೆ ಎರಡು ವರ್ಷದ ಹಿಂದಿನದು. ಇಲ್ಲಪ್ಪ ಇನ್ನೂ ನೋಡಬೇಕಾದ ದಾಖಲೆಗಳ ರಾಶಿ ಅಷ್ಟು ಎತ್ತರ ಬೆಳೆದಿತ್ತು. ಚುಕ್ಕಿಗಳ ಸಾಲಿನಲ್ಲಿ ಒಂದೇ ಅಂತರದಲ್ಲಿ ಐದು ತಗ್ಗುಗಳು. ಅದೇನೂ ಹೊಸದಲ್ಲ ಎಂದು ಬೆರಳು ತನ್ನಷ್ಟಕ್ಕೆ ತಾನೇ 'ಇಲ್ಲ'ದ ಕಡೆಗೆ ಹೊರಟಿತು. ಅಷ್ಟರಲ್ಲಿ ಕಣ್ಣು ತಡೆಯಿತು.

ಬರೀ ಗ್ರಹ ಅಡ್ಡ ಬಂದರೆ ತಗ್ಗಿನ ಅಂಚು ಬಟ್ಟಲಿನ ಅಂಚಿನಂತೆ ನೇರ ಇಳಿಯುತ್ತದೆ. ಇಲ್ಲಿ ಹಾಗಿರಲಿಲ್ಲ. ಇಳಿಯುವ ಮುಂಚೆ ಒಂದು ಸಣ್ಣ ಮೆಟ್ಟಿಲು. ಹತ್ತಿದ ಮೇಲೆ ಇನ್ನೊಂದು ಮೆಟ್ಟಿಲು. ಗ್ರಹ ಬರುವ ಮುನ್ನವೇ ಏನೋ ಒಂದು ತೆಳುವಾದದ್ದು ಬಂದು ಬೆಳಕನ್ನು ತುಸು ತಡೆದಿದೆ, ಗ್ರಹ ದಾಟಿದ ಮೇಲೂ ತುಸು ಹೊತ್ತು ಅಲ್ಲೇ ಉಳಿದಿದೆ. ಗ್ರಹದ ಎರಡೂ ಬದಿಗೆ ಚಾಚಿಕೊಂಡಿರುವ ತೆಳುವಾದ ವಸ್ತು ಎಂದರೆ ಇನ್ನೇನು?

"ಉಂಗುರ!" ಎಂದು ಇಲ್ಲಪ್ಪ ಕುರ್ಚಿಯಿಂದ ಎದ್ದ. ಕುರ್ಚಿಗೆ ಚಕ್ರವಿತ್ತು. ಅದು ಹಿಂದಕ್ಕೆ ಉರುಳಿಹೋಗಿ ಕಸದ ಬುಟ್ಟಿಯನ್ನು ಬೀಳಿಸಿತು. "ಶನಿಗಿದೆಯಲ್ಲ, ಅಂಥ ಉಂಗುರ! ಬೇರೆ ಸೂರ್ಯನ ಗ್ರಹಕ್ಕೆ! ಇದೆ! ಇದೆ!"

ದೂರದ ಗ್ರಹಗಳಿಗೂ ಉಂಗುರಗಳಿರಬಹುದು ಎಂಬ ಗುಮಾನಿ ಆ ವಿದ್ಯೆಯವರಿಗೆಲ್ಲ ಇದ್ದದ್ದೇ. ಆದರೆ ಎಲ್ಲರೂ ತಲೆಯಾಡಿಸಿ ಒಪ್ಪುವಂಥ ಸಾಕ್ಷಿ ಇಲ್ಲಪ್ಪನ ವೀಕ್ಷಣಾಲಯಕ್ಕಾಗಲಿ, ಅದರ ಹುಟ್ಟಾ ಎದುರಾಳಿಗಳಾದ ಬೆಟ್ಟದಾಚೆಯ ವೀಕ್ಷಣಾಲಯಕ್ಕಾಗಲಿ ಸಿಕ್ಕಿರಲಿಲ್ಲ.

ಕೂಗಿಗೆ ಮೊದಲು ಓಡಿಬಂದವರು ಪಕ್ಕದ ಕೋಣೆಯ ಯಂತ್ರದ ಮೇಡಂ. ಗ್ರಹಗಳನ್ನು ತಾನೇ ಹುಡುಕುವ ಕಂಪ್ಯೂಟರ್ ವ್ಯವಸ್ಥೆ ಅವರ ಕೂಸು. ಇಲ್ಲಪ್ಪನ ಮೇಜು ಹೋದರೆ ಆ ಕಿಟಕಿ ಪಕ್ಕದ ಜಾಗ ಅವರಿಗೆ.

"ಏನ್ರೀ ಇಲ್ಲಪ್ಪ, ಹಲ್ಲಿ ಬಿತ್ತಾ ಮೈಮೇಲೆ?"

"ನೋಡಿ ಮೇಡಂ, ನೀವೇ ನೋಡಿ!"

ಮೇಡಂ ಕನ್ನಡಕ ಏರಿಸಿ ನೋಡಿದರು. ಮುಖದಲ್ಲಿ ಯಾವ ಮಂಕೂ ಇಲ್ಲ, ಹೊಳಪೂ ಇಲ್ಲ. "ಇದಕ್ಕೆ ನನ್ನ ಯಂತ್ರ ಕಡಿಮೆ ಅಂಕ ಕೊಟ್ಟಿದೆ."

"ಯಾಕಂತೆ?"

"ತೀರಾ ಅಚ್ಚುಕಟ್ಟಾಗಿದೆಯಂತೆ. ಈ ಕಡೆ ಮೆಟ್ಟಿಲು ಎಷ್ಟಿದೆಯೋ ಆ ಕಡೆದೂ ಅಷ್ಟೇ ಇದೆ, ಅಳತೆ ಕೊಟ್ಟು ಹೊಲಿಸಿದ ಹಾಗೆ. ಉಂಗುರ ಸ್ವಲ್ಪ ಓರೆಯಾಗಿ ಕೂತಿರೋದೇ ಹೆಚ್ಚು. ಓರೆ ಇದ್ರೆ ಎರಡು ಮೆಟ್ಟಿಲೂ ಹೀಗೆ ಒಂದೇ ಸಮ ಬರೋದು ಅಪರೂಪ. ಅಲ್ಲದೆ ಇದು ಎಷ್ಟು ದಿನಕ್ಕೊಂದು ಸುತ್ತು?"

"ಹದಿನೇಳು ಬಿಂದು ಸೊನ್ನೆ ಆರು."

"ಅಂದ್ರೆ ಒಲೆ ಪಕ್ಕಾನೇ ಕೂತಿದೆ. ಆ ಶಾಖಕ್ಕೆ ಹಿಮದ ಉಂಗುರ ಉಳಿಯುತ್ತೇನ್ರೀ?"

"ಕಲ್ಲಿನದಿರಬಹುದು!" ಇಲ್ಲಪ್ಪ ತನ್ನ ಸ್ವಂತ ಮಗುವನ್ನು ಯಾರೋ ಕಪ್ಪಗಿದೆ ಎಂದಂತೆ ಸಿಡಿದ. "ಕಲ್ಲು ಕರಗುತ್ತಾ?"

ಮೇಡಂ ಬೆರಳು ಇನ್ನೊಂದು ಕಡೆ ಹೋಯಿತು. "ಸರಿ, ಇದೇನು ಮತ್ತೆ?"

ಅದು ಆರನೆಯ ತಗ್ಗು. ಐದರ ತಾಳಕ್ಕೆ ಸೇರದೆ, ಸಂಗೀತ ಕಚೇರಿಯ ನಡುವೆ ಕೆಮ್ಮಿದವನಂತೆ ಒಂಟಿಯಾಗಿ ಬೇರೆಲ್ಲೋ ಬಿದ್ದಿತ್ತು. ಅದರ ಅಂಚೂ ಒರಟು ಒರಟು. ಇಲ್ಲಪ್ಪ ಅದನ್ನು ಆಗಲೇ ನೋಡಿದ್ದ. ತನ್ನ ಚಂದದ ಐದನ್ನು ಕೆಡಿಸುತ್ತದಲ್ಲ ಎಂದು ಅದರ ಮೇಲೆ ಸಿಟ್ಟೂ ಬಂದಿತ್ತು.

"ಅದು ಸೀನು ಮೇಡಂ. ಬಿಟ್ಟಾಕಿ."

ಗಾಳಿ ನುಗ್ಗಿಯೋ ಕನ್ನಡಿ ಅಲುಗಿಯೋ ಆಗಾಗ ಬೀಳುವ ಸುಳ್ಳು ತಗ್ಗಿಗೆ ಆ ಕಚೇರಿಯಲ್ಲಿ ಸೀನು ಎಂದು ಹೆಸರು. ದೂರದರ್ಶಕ ಸೀನಿತು ಎಂದು ಅರ್ಥ. ಮೇಡಂ ಹುಬ್ಬು ಹಾರಿಸಿದರು. ಬಾಗಿಲವರೆಗೆ ಹೋಗಿ ತಿರುಗಿ ನಿಂತರು.

"ಅದಿರಲಿ, ಇದು ಕಳ್ಳಗ್ರಹ ಅಲ್ಲ ತಾನೆ?"

ಆ ಮಾತು ಇಲ್ಲಪ್ಪನಿಗೆ ಹೊಳೆದೇ ಇರಲಿಲ್ಲ.

ಕಳ್ಳಗ್ರಹ ಆ ವೀಕ್ಷಣಾಲಯದ ಹಳೆಯ ಪದ್ಧತಿ. ನೋಡುವವರು ನಿದ್ದೆ ಹೋಗದಿರಲಿ ಎಂದು ವರ್ಷಕ್ಕೊಮ್ಮೆ ಸಿಬ್ಬಂದಿಯಲ್ಲಿ ಒಬ್ಬರು ಇಲ್ಲದ ಗ್ರಹವೊಂದನ್ನು ಸೃಷ್ಟಿಸಿ ದಾಖಲೆಯೊಳಗೆ ಬಿಡಬೇಕು. ಯಾರೆಂದು ಚೀಟಿ ಎತ್ತುತ್ತಾರೆ. ಅದು ಎಷ್ಟು ದಿನಕ್ಕೆ ಸುತ್ತಬೇಕು, ಎಷ್ಟು ದಪ್ಪಗಿರಬೇಕು ಎಂಬುದೆಲ್ಲ ಬಿಡುವವನ ಇಷ್ಟ. ಯಾವ ನಕ್ಷತ್ರದ ಮೇಲೆ ಹೋಗಿ ಕೂರಬೇಕು ಎನ್ನುವುದನ್ನು ಮಾತ್ರ ಕಂಪ್ಯೂಟರ್ ನಿರ್ಧರಿಸುತ್ತದೆ, ಬಿಟ್ಟವನಿಗೂ ಹೇಳುವುದಿಲ್ಲ. ಯಾರು ಬಿಟ್ಟರು ಎಂಬುದು ಮುಖ್ಯಸ್ಥರೊಬ್ಬರಿಗೇ ಗೊತ್ತು. ಹಳೆಯ ಮುಖ್ಯಸ್ಥರು ನಿವೃತ್ತರಾಗುವಾಗ ಹೂಕುಂಡಗಳನ್ನೂ ಗುಟ್ಟುಗಳನ್ನೂ ಜತೆಗೇ ಒಯ್ದಿದ್ದರು.

ಆದರೆ ಇದಕ್ಕೊಂದು ಮದ್ದಿತ್ತು. ಗ್ರಹ ಕಂಡೆ ಎನ್ನುವವನು ಕ್ಯಾಂಟೀನಿನ ನಡುವೆ ನಿಂತು, ಲೋಟಕ್ಕೆ ಚಮಚದಿಂದ ಬಡಿದು, "ಇದು ಯಾರ ಮನೆ ಗ್ರಹ?" ಎಂದು ಮೂರು ಸಲ ಕೂಗಬೇಕು. ಬಿಟ್ಟವನು ಕೈ ಎತ್ತಲೇಬೇಕು. ಅವನ ಹೆಸರು ಕೊಟ್ಟರಷ್ಟೇ ಕಂಪ್ಯೂಟರ್ ಆ ಗ್ರಹವನ್ನು ದಾಖಲೆಯಿಂದ ತೆಗೆಯುತ್ತದೆ. ಎತ್ತದೆ ಸಿಕ್ಕಿಬಿದ್ದರೆ ಕೆಲಸಕ್ಕೇ ಸಂಚಕಾರ. ಅಂಥ ದ್ರೋಹ ಈವರೆಗೆ ಯಾರೂ ಮಾಡಿರಲಿಲ್ಲ.

ಇಲ್ಲಪ್ಪ ಕ್ಯಾಂಟೀನಿಗೆ ಓಡಿದ. ಬೆಳಗಿನ ಚಹಾದ ಹೊತ್ತು, ಎಲ್ಲರೂ ಅಲ್ಲೇ ಇದ್ದರು. ಕ್ಯಾಂಟೀನ್ ಅಕ್ಕನ ಕೈಯಿಂದ ಲೋಟ ಕಿತ್ತುಕೊಂಡು ಟಣಟಣ ಬಾರಿಸಿದ.

"ಇದು ಯಾರ ಮನೆ ಗ್ರಹ?"

ಗುಸುಗುಸು ನಿಂತಿತು. ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಹದಿನೇಳು ಬಿಂದು ಸೊನ್ನೆ ಆರು ದಿನ! ಉಂಗುರ ಸಮೇತ! ಯಾರ ಮನೆ ಗ್ರಹ?"

ಕನ್ನಡಿ ಒರೆಸುವವನು ಮೂಗು ತುರಿಸಲು ಕೈ ಎತ್ತಿದ. ಇಲ್ಲಪ್ಪನ ಜೀವ ಬಾಯಿಗೆ ಬಂತು. "ಮೂಗು, ಮೂಗು!" ಎಂದು ಅವನು ಗಾಬರಿಯಲ್ಲಿ ಕೈ ಇಳಿಸಿದ.

"ಮೂರನೇ ಸಲ ಕೇಳ್ತಿದೀನಿ, ಇದು ಯಾರ ಮನೆ ಗ್ರಹ?"

ಒಂದು ಕೈಯೂ ಏಳಲಿಲ್ಲ. ಇಲ್ಲಪ್ಪ ಚಮಚ ಹಿಡಿದೇ ಮೂಲೆ ಮೂಲೆಯನ್ನೂ ಇನ್ನೊಮ್ಮೆ ನೋಡಿದ.

"ಹಾಗಾದ್ರೆ ದೇವರ ಮನೆದು!" ಎಂದು ಕ್ಯಾಂಟೀನ್ ಅಕ್ಕ ಘೋಷಿಸಿ ಚಪ್ಪಾಳೆ ತಟ್ಟಿದರು. ಇಡೀ ಕ್ಯಾಂಟೀನ್ ಹೋ ಎಂದಿತು. ಯಾರೋ ಇಲ್ಲಪ್ಪನನ್ನು ಎತ್ತಿದರು, ಯಾರೋ ಇಳಿಸಿದರು, ಈ ಗಲಾಟೆಯಲ್ಲಿ ಅವನ ಅಂಗಿಯ ಮೇಲೆ ಎರಡು ಲೋಟ ಚಹಾ ಬಿತ್ತು. ಅವನಿಗೆ ಬಿಸಿಯೂ ಗೊತ್ತಾಗಲಿಲ್ಲ.

ಓಡುತ್ತಲೇ ಹೆಂಡತಿಗೆ ಫೋನ್ ಮಾಡಿದ.

"ಏನೇ, ಕೇಳಿಸ್ತಿದ್ಯಾ? ಇವತ್ತು ದೊಡ್ಡ ದಿನ ಕಣೇ!"

ಆ ಕಡೆಯಿಂದ ಅಪನಂಬಿಕೆಯ ದನಿ: "ರೀ... ನಿಮಗೆ ನೆನಪಿದ್ಯಾ?"

ಪ್ರಶ್ನೆ ಇಲ್ಲಪ್ಪನ ಕಿವಿಗೆ ಹೋಯಿತೇ ಹೊರತು ತಲೆಗೆ ಹೋಗಲಿಲ್ಲ. "ನೆನಪಾ? ಜೀವ ಇರೋತನಕ ಮರೆಯೋ ದಿನವಾ ಇದು! ನಾಲ್ಕು ಗಂಟೆಗೆ ಇಲ್ಲಿಗೇ ಬಂದುಬಿಡು. ಎಲ್ಲರ ಮುಂದೆ ಹೇಳ್ತೀನಿ."

"ಎಲ್ಲರ ಮುಂದೆಯಾ! ಹೋದ ವರ್ಷ ನನ್ನೊಬ್ಬಳ ಮುಂದೆ ಹೇಳೋಕೂ ಬಾಯಿ ಬರಲಿಲ್ಲ ನಿಮಗೆ..." ಎಂದು ಅವಳು ಮೂಗೆಳೆದದ್ದು ಕೇಳಿಸುವಷ್ಟರಲ್ಲಿ ಇಲ್ಲಪ್ಪ ಫೋನ್ ಇಟ್ಟಾಗಿತ್ತು.

ಅಲ್ಲಿಂದ ಮಧ್ಯಾಹ್ನದವರೆಗೆ ಇಲ್ಲಪ್ಪನಿಗೆ ತನ್ನ ಮೇಜಿನ ಬಳಿ ಹೋಗಲಾಗಲಿಲ್ಲ. ಮೊದಲು ಹಿಡಿದವರು ವೀಕ್ಷಣಾಲಯದ ಸುದ್ದಿ ಹೊರಗೆ ಕಳಿಸುವ ಪ್ರಚಾರದವರು. ಹಿಂದೊಮ್ಮೆ ಪತ್ರಿಕೆಯಲ್ಲಿದ್ದವರು, ಸುದ್ದಿ ಎಂದರೆ ಇರುವೆಗೆ ಸಕ್ಕರೆ ಕಂಡಂತೆ.

"ಸಾರ್, ಕಳಿಸಿಬಿಟ್ಟೆ!"

"ಏನನ್ನ?"

"ಸುದ್ದೀನ! 'ಬೇರೆ ಸೂರ್ಯನ ಗ್ರಹಕ್ಕೆ ಉಂಗುರ, ನಮ್ಮವರ ಕಣ್ಣಿಗೆ ಬಿತ್ತು.' ನಕ್ಷತ್ರದ ನಂಬರ್ ಸಮೇತ ಎಲ್ಲರಿಗೂ ಹೋಗಿದೆ. ಬೆಟ್ಟದಾಚೆಯವರಿಗೆ ಎರಡು ಸಲ ಕಳಿಸಿದೀನಿ, ಹೊಟ್ಟೆ ಚೆನ್ನಾಗಿ ಉರೀಲಿ."

"ಅಯ್ಯೋ, ದೊಡ್ಡವರು ಇನ್ನೂ ಒಪ್ಪಿಲ್ಲವಲ್ರೀ!"

"ಮಗು ಹುಟ್ಟಿದ್ದು ಊರಿಗೆಲ್ಲ ಗೊತ್ತಾದ್ಮೇಲೆ ಡಾಕ್ಟರು ಇಲ್ಲ ಅಂತಾರಾ ಸಾರ್? ಎಲ್ಲಿ, ಸ್ವಲ್ಪ ಗಲ್ಲ ಎತ್ತಿ. ಫೋಟೋ. ಆಕಾಶ ನೋಡಿ. ಅದು ಟ್ಯೂಬ್‌ಲೈಟು, ಪರವಾಗಿಲ್ಲ, ಅದನ್ನೇ ನೋಡಿ."

ಫೋಟೋ ಮುಗಿಯುವಷ್ಟರಲ್ಲಿ ಪಾಲುದಾರರು ಬಂದರು. ಗೆದ್ದೆತ್ತಿನ ಬಾಲ ಹಿಡಿಯಲು ಎಲ್ಲರಿಗೂ ಆಸೆ. ಕನ್ನಡಿ ಒರೆಸುವವನು, "ಅಣ್ಣಾ, ಆ ವರ್ಷ ಕನ್ನಡಿ ಒರೆಸಿದ್ದು ನಾನು. ದೂಳಿದ್ದಿದ್ರೆ ಉಂಗುರ ಕಾಣ್ತಿತ್ತಾ?" ಎಂದ. ವಿದ್ಯುತ್ತಿನವನು, "ಕರೆಂಟ್ ಕೈಕೊಡದ ಹಾಗೆ ಕಾವಲು ಕೂತಿದ್ದು ಯಾರು? ನಾನು!" ಎಂದ. ಕ್ಯಾಂಟೀನ್ ಅಕ್ಕ ಇಬ್ಬರನ್ನೂ ಪಕ್ಕಕ್ಕೆ ತಳ್ಳಿ, "ಇವನ ಕಣ್ಣಿಗೆ ನಿದ್ದೆ ಬರದ ಹಾಗೆ ಹದಿನಾರು ವರ್ಷ ಚಹಾ ಕೊಟ್ಟೋಳು ನಾನು. ಗ್ರಹಕ್ಕೆ ನನ್ನ ಹೆಸರಿಡಿ, ನ್ಯಾಯ," ಎಂದರು. ಅಲ್ಲಿಂದ ಹೆಸರಿನ ಜಗಳ ಶುರುವಾಯಿತು. ಒಬ್ಬ ತನ್ನ ಅತ್ತೆಯ ಹೆಸರಿಡಿ ಎಂದ. ಗ್ರಹ ಬಹಳ ದೂರದಲ್ಲಿದೆಯಲ್ಲ, ಹೆಸರಾದರೂ ಅಲ್ಲಿಗೆ ಹೋಗಲಿ ಎಂಬುದು ಅವನ ವಾದ.

ಪ್ರದರ್ಶನ ಕೋಣೆಯ ಮುದುಕಪ್ಪ ಕೆಳಗಿನಿಂದ ಏದುಸಿರು ಬಿಡುತ್ತ ಹತ್ತಿಬಂದ. ಆ ತಿಂಗಳ ಕೊನೆಗೆ ಅವನ ನಿವೃತ್ತಿ. ಕೈಯಲ್ಲಿ ಒರೆಸಿ ಹೊಳಪಿಸಿದ 'ನನ್ನನ್ನು ಕೇಳಿ' ಬಿಲ್ಲೆ.

"ಇದನ್ನ ನಿಮಗೆ ಅಂತ ಇಟ್ಟಿದ್ದೆ. ಇನ್ನು ನಿಮಗೆ ಬೇಡವಲ್ಲ ಸ್ವಾಮಿ?"

"ಬೇಡಪ್ಪಾ, ಬೇಡ!" ಇಲ್ಲಪ್ಪ ಎರಡು ಕೈಯೆತ್ತಿ ನಕ್ಕ. "ಗಾಜಿನ ಪೆಟ್ಟಿಗೆಯಲ್ಲಿಡು. ಮುಂದೆ ಯಾರಿಗಾದರೂ ತೋರಿಸೋಕೆ ಆಗುತ್ತೆ, 'ಇದು ಇಲ್ಲಪ್ಪ ಹಾಕಿಕೊಳ್ಳದ ಬಿಲ್ಲೆ' ಅಂತ."

ಎಂಥ ಗರ್ವ! ಬಾಯಿ ಬಿಟ್ಟ ಮೇಲೆ ಅವನಿಗೇ ಒಂದು ಕ್ಷಣ ಅಳುಕಾಯಿತು. ಆದರೆ ಸಂತೋಷ ಎನ್ನುವುದು ಇಳಿಜಾರಿನ ಸೈಕಲ್ಲಿನಂತೆ, ಬ್ರೇಕು ಹಿಡಿಯುವಷ್ಟರಲ್ಲಿ ಗುಡ್ಡ ಮುಗಿದಿರುತ್ತದೆ.

ನಾಲ್ಕಕ್ಕೆ ಸಭಾಕೋಣೆ ತುಂಬಿತ್ತು. ಕೂರಲು ಜಾಗವಿಲ್ಲದವರು ಕಿಟಕಿಯ ಕಟ್ಟೆ ಹತ್ತಿದ್ದರು. ದೊಡ್ಡವರು ನಡುವಿನ ಕುರ್ಚಿಯಲ್ಲಿ ಕೂತು ತಮ್ಮ ಎಡಗಿವಿಯನ್ನು ಎಳೆದುಕೊಳ್ಳುತ್ತಿದ್ದರು. ಏನನ್ನಾದರೂ ತೀರ್ಮಾನಿಸುವ ಮುಂಚೆ ಅದು ಅವರ ಅಭ್ಯಾಸ. ಇಲ್ಲಪ್ಪ ಚಹಾದ ಕಲೆಯ ಅಂಗಿಯಲ್ಲೇ ಬಿಳಿ ಹಲಗೆಯ ಮುಂದೆ ನಿಂತು ತಗ್ಗು ಬರೆದ, ಮೆಟ್ಟಿಲು ಬರೆದ, ಉಂಗುರ ಬರೆದ. ಮೇಲೆ ದಪ್ಪ ಅಂಕಿಯಲ್ಲಿ 17.06 ಎಂದು ಬರೆದು ಕೆಳಗೆ ಎರಡು ಗೆರೆ ಎಳೆದ.

"ಸಾರ್, ಇದು ಯಂತ್ರಕ್ಕೆ ಕಾಣಲಿಲ್ಲ. ಕಣ್ಣಿಗೆ ಕಂಡಿತು. ನನ್ನ ಮೇಜಿನ ಪರವಾಗಿ ನಾನು ಹೇಳೋದು ಇಷ್ಟೇ."

ದೊಡ್ಡವರ ಕೈ ಕಿವಿಯಿಂದ ಇಳಿಯಿತು. "ಭಲೇ, ಇಲ್ಲಪ್ಪನವರೇ. ಕಳ್ಳಗ್ರಹ ಅಲ್ಲ ತಾನೆ?"

"ಮೂರು ಸಲ ಕೂಗಿದೀನಿ ಸಾರ್. ಇವರೆಲ್ಲ ಸಾಕ್ಷಿ."

"ಒಂದು ಕೈಯೂ ಏಳ್ಲಿಲ್ಲ ಸಾರ್!" ಎಂದು ಕ್ಯಾಂಟೀನ್ ಅಕ್ಕ ಬಾಗಿಲಿನಿಂದಲೇ ಸಾಕ್ಷಿ ಹೇಳಿದರು. "ಒಂದು ಮೂಗಿಗೆ ಎದ್ದಿತ್ತು, ಅಷ್ಟೇ."

"ಹಾಗಿದ್ರೆ ನಿಮ್ಮ ಮೇಜು..." ಎಂದು ದೊಡ್ಡವರು ಬಾಯಿ ತೆರೆದರು.

ಆಗಲೇ ಬಾಗಿಲಲ್ಲಿ ಇಲ್ಲಪ್ಪನ ಹೆಂಡತಿ ಕಾಣಿಸಿಕೊಂಡಳು. ಇದ್ದುದರಲ್ಲಿ ಒಳ್ಳೆಯ ಬಟ್ಟೆ, ಕೈಯಲ್ಲಿ ಕಾಗದ ಸುತ್ತಿದ ಒಂದು ಪೊಟ್ಟಣ. ಎಲ್ಲರೂ ದಾರಿ ಬಿಟ್ಟರು. ಅವಳ ಕಣ್ಣು ಗಂಡನ ಮೇಲೆ ಬಿತ್ತು, ಅಲ್ಲಿಂದ ಹಲಗೆಯ ಮೇಲೆ ಹೋಯಿತು. ಅವಳು ಅಲ್ಲೇ ನಿಂತಳು.

"ರೀ," ಎಂದಳು. ಹಲಗೆಯ ಕಡೆ ಬೆರಳು ತೋರಿಸಿದಳು. "ಇಷ್ಟು ದೊಡ್ಡದಾಗಿ ಬರೆಸಿದ್ದೀರಾ?"

"ಏನನ್ನ?"

"ಹದಿನೇಳು, ಸೊನ್ನೆ ಆರು. ಹದಿನೇಳನೇ ತಾರೀಕು, ಆರನೇ ತಿಂಗಳು." ಅವಳು ಸಭೆಯ ಕಡೆ ತಿರುಗಿ ಮುಖವೆಲ್ಲ ನಗುವಾಗಿ ಹೇಳಿದಳು: "ಇವತ್ತು ನಮ್ಮ ಮದುವೆ ಆದ ದಿನ. ಒಂದು ವರ್ಷನಾದ್ರೂ ಇವರಿಗೆ ನೆನಪಿರ್ತಿರಲಿಲ್ಲ!"

ಸಭೆ ಆಹಾ ಎಂದಿತು. ಪ್ರಚಾರದವರು ಫೋಟೋ ತೆಗೆದರು. ಆ ಫೋಟೋದಲ್ಲಿ ನಗದೆ ಇದ್ದವರು ಇಬ್ಬರೇ. ಒಬ್ಬರು ಯಂತ್ರದ ಮೇಡಂ.

"ಎಲ್ಲ ಸರಿ," ಎಂದರು ಮೇಡಂ ನಿಧಾನವಾಗಿ. "ಆ ಗ್ರಹಕ್ಕೆ ನಿಮ್ಮ ಮದುವೆ ತಾರೀಕು ಹೇಳಿದ್ಯಾರು?"

ಇಲ್ಲಪ್ಪನ ಕೈಯಿಂದ ಪೆನ್ನು ಬಿತ್ತು.

ಎಲ್ಲವೂ ಒಟ್ಟಿಗೇ ನೆನಪಾಯಿತು. ಎರಡು ವರ್ಷದ ಹಿಂದೆ ಈ ದಿನ ಮರೆತದ್ದು, ಹೆಂಡತಿ ವಾರವಿಡೀ ಗೋಡೆಯ ಜತೆ ಮಾತಾಡಿದ್ದು, ಆ ವಾರವೇ ಕಳ್ಳಗ್ರಹದ ಚೀಟಿ ತನಗೆ ಬಂದದ್ದು. 'ಇನ್ನು ಮೇಲೆ ಈ ತಾರೀಕು ಮರೆತರೆ ನನ್ನ ಹೆಸರೇ ಬದಲಾಯಿಸಿಬಿಡಿ' ಎಂದು ಪಣ ತೊಟ್ಟು, ಎಷ್ಟು ದಿನಕ್ಕೊಂದು ಸುತ್ತು ಎಂದು ಕೇಳಿದ ಜಾಗದಲ್ಲಿ 17.06 ಒತ್ತಿದ್ದ. ಹೆಂಡತಿಗೆ ಕೊಡಿಸಲಾಗದ ಉಂಗುರವನ್ನು ಗ್ರಹಕ್ಕಾದರೂ ತೊಡಿಸೋಣ ಎಂದು ತೊಡಿಸಿಯೂ ಇದ್ದ. ಆಮೇಲೆ ತಾರೀಕನ್ನೂ ಮರೆತ, ಗ್ರಹವನ್ನೂ ಮರೆತ. ಬೆಳಿಗ್ಗೆ ಕ್ಯಾಂಟೀನಿನಲ್ಲಿ ಒಂದು ಕೈಯೂ ಏಳದಿದ್ದುದರಲ್ಲಿ ಆಶ್ಚರ್ಯವೇನಿತ್ತು? ಏಳಬೇಕಾಗಿದ್ದ ಕೈ ಚಮಚ ಹಿಡಿದಿತ್ತು.

ಸುಳ್ಳು ಹೇಳಬಹುದಿತ್ತು. ಕಾಕತಾಳೀಯ ಎನ್ನಬಹುದಿತ್ತು. ಹೆಂಡತಿ ನಗುತ್ತ ನಿಂತಿದ್ದಳು, ದೊಡ್ಡವರು 'ನಿಮ್ಮ ಮೇಜು' ಎಂಬಲ್ಲಿಗೆ ಬಾಯಿ ತೆರೆದೇ ಇದ್ದರು. ಆದರೆ ಹದಿನಾರು ವರ್ಷ ಇಲ್ಲದ್ದನ್ನು ಇಲ್ಲ ಎಂದ ನಾಲಿಗೆ ಅದು.

ಇಲ್ಲಪ್ಪ ಮೆಲ್ಲಗೆ ಬಲಗೈ ಎತ್ತಿದ.

"ಪ್ರಶ್ನೆ ಏನಾದ್ರೂ ಇದ್ಯಾ?" ಎಂದರು ದೊಡ್ಡವರು.

"ಇಲ್ಲ ಸಾರ್. ಇದು... ನಮ್ಮ ಮನೆ ಗ್ರಹ."

ಕಿಟಕಿಯ ಕಟ್ಟೆಯಿಂದ ಒಬ್ಬ ನಗಲು ಹೋಗಿ ಕೆಳಗೆ ಬಿದ್ದ. ಆ ಸದ್ದಿಗೆ ಎಲ್ಲರೂ ನಕ್ಕರು. ಹೆಂಡತಿಗೆ ವಿಷಯ ಅರ್ಥವಾಗಲು ಅರೆಗಳಿಗೆ ಹಿಡಿಯಿತು.

"ಅಂದ್ರೆ ಇವತ್ತು ನಿಮಗೆ ನೆನಪಿರಲಿಲ್ಲ."

"ನೆನಪಿರಲಿ ಅಂತಲೇ ಅಲ್ಲಿ ಇಟ್ಟಿದ್ದೆ ಕಣೇ..."

"ಮದುವೆ ದಿನಾನ ಆಕಾಶದಲ್ಲಿ ಇಟ್ಟು, ಇಟ್ಟ ಜಾಗಾನೇ ಮರೆತ್ರಾ! ಬೀಗದ ಕೈ ಆಗಿದ್ರೆ ಮಂಚದ ಕೆಳಗಾದ್ರೂ ಹುಡುಕಬಹುದಿತ್ತು."

ದೊಡ್ಡವರ ಕೈ ಮತ್ತೆ ಕಿವಿಗೆ ಹೋಯಿತು. "ಯಂತ್ರ 'ತೀರಾ ಅಚ್ಚುಕಟ್ಟು' ಅಂದದ್ದೇ ಸರಿಯಾಯ್ತು," ಎಂದರು. "ತಾನೇ ಬಿಟ್ಟದ್ದನ್ನ ತಾನೇ ಗುರುತು ಹಿಡಿಯದ ಕಣ್ಣು... ಮೇಡಂ, ಆ ಕಳ್ಳಗ್ರಹಾನ ತೆಗೆದುಬಿಡಿ."

ಮೇಡಂ ಅಲ್ಲೇ ಕಂಪ್ಯೂಟರಿನಲ್ಲಿ ನಾಲ್ಕು ಕೀಲಿ ಒತ್ತಿದರು. ಗೋಡೆಯ ಪರದೆಯ ಮೇಲಿದ್ದ ಐದು ಚಂದದ ತಗ್ಗುಗಳು ಅಳಿಸಿಹೋದವು. ಆದರೆ ಸಾಲು ಪೂರ್ತಿ ಮಟ್ಟಸವಾಗಲಿಲ್ಲ. ಆರನೆಯದು, ಒಂಟಿಯಾದದ್ದು, ಹಾಗೇ ಉಳಿಯಿತು.

"ಇದು ಯಾರು ಬಿಟ್ಟದ್ದು?" ಎಂದರು ದೊಡ್ಡವರು.

"ಯಾರೂ ಬಿಟ್ಟಿದ್ದಲ್ಲ ಸಾರ್, ದಾಖಲೆಯಲ್ಲೇ ಇರೋದು. ಇವರು ಸೀನು ಅಂತಾರೆ. ಒಂದೇ ಸಲ ಬಿದ್ದದ್ದರ ಬಗ್ಗೆ ನನ್ನ ಯಂತ್ರ ಏನೂ ಹೇಳಲ್ಲ. 'ಕಣ್ಣಿನಿಂದ ನೋಡಿಸಿ' ಅಂತ ಬರೆದು ಕೈತೊಳ್ಕೊಳ್ಳುತ್ತೆ."

ದೊಡ್ಡವರು ಇಲ್ಲಪ್ಪನ ಕಡೆ ತಿರುಗಿದರು. ದನಿಯಲ್ಲಿ ಸ್ವಲ್ಪ ಕನಿಕರ. "ನೋಡಿ, ಇಲ್ಲಪ್ಪನವರೇ. ಇದರಲ್ಲಿ ಏನಾದ್ರೂ ಇದೆ ಅಂತ ನಿಮಗೆ ಅನ್ನಿಸಿದ್ರೆ ಹೇಳಿ. ನಿಮ್ಮ ಮೇಜನ್ನ ಇನ್ನೊಂದು ವರ್ಷ ಇಟ್ಕೊಳ್ಳೋಣ."

ಇಲ್ಲಪ್ಪ ಪರದೆಯ ಹತ್ತಿರ ಹೋದ. ಬೆಳಿಗ್ಗೆಯಿಂದ ಮೊದಲ ಸಲ ಅದನ್ನು ಸಿಟ್ಟಿಲ್ಲದೆ ನೋಡಿದ. ಅಂಚು ಒರಟು ಎಂದುಕೊಂಡಿದ್ದ. ಒರಟಲ್ಲ, ಅಲ್ಲೂ ಮೆಟ್ಟಿಲಿತ್ತು. ಇಳಿಯುವಾಗ ಉದ್ದನೆಯದು, ಹತ್ತುವಾಗ ಗಿಡ್ಡನೆಯದು, ಓರೆಯಾಗಿ ಕೂತ ಯಾವುದೋ ಒಂದು ವಸ್ತು ದಾಟಿಹೋದ ಹಾಗೆ. ಬೆಳಗಿನ ಆ ಎರಡಕ್ಷರ ಮತ್ತೆ ನಾಲಿಗೆಯ ತುದಿಗೆ ಬಂತು.

ಸುತ್ತ ನೋಡಿದ. ಕಿಟಕಿಯಲ್ಲಿದ್ದವರು ನಗಲು ಸಿದ್ಧರಾಗಿ ಕಟ್ಟೆಯನ್ನು ಭದ್ರವಾಗಿ ಹಿಡಿದಿದ್ದರು. ಪ್ರಚಾರದವರು ಕ್ಯಾಮೆರಾ ಎತ್ತಿದ್ದರು. ಹೆಂಡತಿ ಪೊಟ್ಟಣವನ್ನು ಹಿಂದಕ್ಕೆ ಚೀಲದೊಳಗೆ ತುರುಕುತ್ತಿದ್ದಳು. ಬಿಸಿಹಾಲಿಗೆ ಬಾಯಿ ಸುಟ್ಟುಕೊಂಡ ಬೆಕ್ಕು ಆಮೇಲೆ ಹಾಲಿನ ಪಾತ್ರೆ ಕಂಡರೇ ಓಡುತ್ತದೆ.

"ಇಲ್ಲ," ಎಂದ ಇಲ್ಲಪ್ಪ. ಮೇಡಂ ಕೀಲಿಮಣೆ ಅವನ ಕಡೆ ಸರಿಸಿದರು. ಅವನೇ ಒತ್ತಿದ. ಹದಿನಾರು ವರ್ಷದ ಕೊನೆಯ 'ಇಲ್ಲ'. ನಕ್ಷತ್ರದ ದಾಖಲೆ ನಿಯಮದಂತೆ ಆ ಕ್ಷಣವೇ ಬೀದಿಗೆ ಬಂತು.

ಪ್ರದರ್ಶನ ಕೋಣೆಯ ಮುದುಕಪ್ಪ ಬಂದು ಬಿಲ್ಲೆಯನ್ನು ಅವನ ಅಂಗಿಗೆ ಚುಚ್ಚಿದ, ಚಹಾದ ಕಲೆ ಮುಚ್ಚುವ ಹಾಗೆ.

ಸಂಜೆ ಇಬ್ಬರೂ ಹೋಟೆಲಿನಲ್ಲಿ ಊಟಕ್ಕೆ ಕೂತಿದ್ದರು. ಹೆಂಡತಿಯ ಸಿಟ್ಟು ಅರ್ಧ ಇಳಿದಿತ್ತು. ಎಷ್ಟಾದರೂ ಊರಿನಲ್ಲಿ ಯಾವ ಗಂಡನೂ ಮದುವೆ ತಾರೀಕನ್ನು ಅಷ್ಟು ಎತ್ತರದಲ್ಲಿ ಇಟ್ಟವನಲ್ಲ. ಉಳಿದರ್ಧವನ್ನು ಅವಳು ಊಟದ ಪಟ್ಟಿಯಲ್ಲಿ ಬೆಲೆ ಹೆಚ್ಚಿದ್ದನ್ನೇ ಆರಿಸಿ ತೀರಿಸಿಕೊಳ್ಳುತ್ತಿದ್ದಳು.

"ಆ ಬಿಲ್ಲೆ ತೆಗೀರಿ," ಎಂದಳು. "ಬಡಿಸೋರೆಲ್ಲ ಬಂದು ಬಂದು ಏನೋ ಕೇಳ್ತಿದಾರೆ."

ಬಿಲ್ಲೆಯ ಪಿನ್ನಿಗೆ ಕೈ ಹಾಕುವಷ್ಟರಲ್ಲಿ ಫೋನ್ ಬಡಿದುಕೊಂಡಿತು. ಪ್ರಚಾರದವರು. ಅವರ ದನಿ ಬೆಳಿಗ್ಗೆಗಿಂತಲೂ ಉತ್ಸಾಹದಲ್ಲಿತ್ತು.

"ಸಾರ್, ಬೆಟ್ಟದಾಚೆಯವರು ಫೋನ್ ಮಾಡಿದ್ರು! ನಮ್ಮ ಸುದ್ದಿ ನೋಡಿ ಆ ನಕ್ಷತ್ರದ ಮೇಲೇ ಕಣ್ಣಿಟ್ಟು ಕೂತಿದ್ರಂತೆ. ನೀವು 'ಇಲ್ಲ' ಒತ್ತಿದ್ದೇ ತಡ, ದಾಖಲೆ ಇಳಿಸ್ಕೊಂಡಿದಾರೆ."

"ಅದರಲ್ಲೇನಿದೆ ಅಂತ?"

"ಆ ಸೀನು ಸಾರ್! ಅವರ ಹತ್ರ ಹಳೇದರಲ್ಲಿ ಅಂಥವೇ ಎರಡು ಇದ್ವಂತೆ. ಎರಡರಿಂದ ಏನೂ ಹೇಳೋಕಾಗಲ್ಲ ಅಂತ ಮೂಲೆಗೆ ಹಾಕಿದ್ರಂತೆ. ಮೂರನೆಯದು ಒಂದು ಬೇಕಿತ್ತು. ಅವೆರಡರ ಮಧ್ಯೆ ಎಷ್ಟು ಅಂತರವೋ, ನಮ್ಮದು ಸರಿಯಾಗಿ ಅಷ್ಟೇ ಅಂತರದಲ್ಲಿ ಕೂತಿದೆ! ಮೂರಕ್ಕೂ ಒಂದು ಕಡೆ ಉದ್ದ ಮೆಟ್ಟಿಲು, ಒಂದು ಕಡೆ ಗಿಡ್ಡ. ತಣ್ಣಗೆ ದೂರದಲ್ಲಿ ಸುತ್ತೋ ಗ್ರಹ, ಓರೆ ಉಂಗುರ. ನಾಳೆ ಪ್ರಕಟಣೆ ಅಂತೆ. ದಾಖಲೆ ಬಿಟ್ಟುಕೊಟ್ಟದ್ದಕ್ಕೆ ಬಹಳ ಉಪಕಾರ ಅಂತ ನಿಮಗೆ ಹೇಳೋಕೆ ಹೇಳಿದ್ರು."

ಇಲ್ಲಪ್ಪ ಬಿಲ್ಲೆಯ ಪಿನ್ನನ್ನು ಹಾಗೇ ಬಿಟ್ಟ.

"ಇನ್ನೊಂದು ಸಾರ್. ನಾಳೆ ಜನ ಬರ್ತಾರೆ ಅಂತ ದೊಡ್ಡವರು ಹೇಳಿದಾರೆ. ಬೆಳಿಗ್ಗೆ ಹತ್ತರೊಳಗೆ ಆ ಗ್ರಹದ ಮಾದರಿ ಮಾಡಿ ಪ್ರದರ್ಶನ ಕೋಣೆಯಲ್ಲಿ ನೇತುಹಾಕಬೇಕಂತೆ ನೀವು. ಉಂಗುರ ಓರೆ ಇರಲಿ ಅಂದ್ರು. ಕಂಡುಹಿಡಿದವರ ಹೆಸರು ಕೆಳಗೆ ಬರೀಬೇಕು. ಬೆಟ್ಟದಾಚೆಯವರದ್ದು."

ಆ ಕಡೆಯವರು ಫೋನ್ ಇಟ್ಟ ಮೇಲೂ ಇಲ್ಲಪ್ಪನ ಕೈ ಕಿವಿಯ ಹತ್ತಿರವೇ ಇತ್ತು.

"ಯಾರ್ರೀ ಅದು?" ಹೆಂಡತಿ ಕೇಳಿದಳು. "ಏನಾದ್ರೂ ವಿಶೇಷ ಇದ್ಯಾ?"

ಇಲ್ಲಪ್ಪ ತನ್ನ ಮುಂದಿದ್ದ ದುಂಡನೆಯ ತಟ್ಟೆಯನ್ನೂ ಅದರ ಸುತ್ತಲಿನ ಅಂಚನ್ನೂ ಬಹಳ ಹೊತ್ತು ನೋಡಿದ. ಆಮೇಲೆ ತಟ್ಟೆಯನ್ನು ಒಂದು ಬದಿಗೆ ಸ್ವಲ್ಪ ಎತ್ತಿ, ಓರೆ ಮಾಡಿ ನೋಡಿದ.

"ಇಲ್ಲ," ಎಂದ.